ಕೊಳಚೆ ನೀರಿನ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ: ನಾನು ಅಳೆಯುವ ಕ್ರಮ

ವೃಷಭಾವತಿ ಬೆಂಗಳೂರಿನ ಕೊಳಚೆಯ ಜೊತೆಗೆ ಪೀಣ್ಯದ ಕಡೆಯ ಕಾರ್ಖಾನೆ ನೀರನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಇಂಥ ನೀರು ಹಾಯಿಸಿ ಬೆಳೆದ ಪಾಲಕ್, ದಂಟು, ಕೊತ್ತಂಬರಿಯನ್ನು ಪರೀಕ್ಷಿಸುವಾಗ ನಾನು ಮೊದಲು ಕೇಳುವುದು ಒಂದೇ: ಲೋಹ ಎಲೆಯ ಒಳಗಿದೆಯೋ, ಮೇಲೆ ಅಂಟಿದ ಮಣ್ಣಿನಲ್ಲಿದೆಯೋ? ಕ್ಯಾಡ್ಮಿಯಂ ಬೇರಿನಿಂದ ಎಲೆಗೆ ಸಲೀಸಾಗಿ ಏರುತ್ತದೆ. ಸೀಸ ಹೆಚ್ಚಾಗಿ ಬೇರಿನಲ್ಲೇ ನಿಂತುಬಿಡುತ್ತದೆ; ಎಲೆಯಲ್ಲಿ ಸಿಕ್ಕರೆ ಬಹುಪಾಲು ಧೂಳು, ಮಣ್ಣು.

ಒಂದು ಮಡಿಯಲ್ಲಿ ಐದಾರು ಕಡೆ ಕೊಯ್ದು, ಬೆರೆಸಿ ಒಂದು ಕಿಲೋ ಮಾಡುತ್ತೇನೆ. ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಕೊಯ್ಯಬೇಕು. ಜಿಂಕ್ ಲೇಪದ ಬಕೆಟ್, ಹಳೆ ಪತ್ರಿಕೆ ಬೇಡ. ಹೊಸ ಪಾಲಿಥಿನ್ ಕವರ್ ಸಾಕು. ಕೊಯ್ದ ಜಾಗದ ಮಣ್ಣನ್ನೂ 15 ಸೆಂಟಿಮೀಟರ್ ಆಳದವರೆಗೆ ತೆಗೆಯುತ್ತೇನೆ. ಸೊಪ್ಪನ್ನು ಎರಡು ಪಾಲು ಮಾಡಿ, ಒಂದನ್ನು ತೊಳೆಯದೆ ಇಡುವುದು. ಇನ್ನೊಂದನ್ನು ಅಡುಗೆಮನೆಯಲ್ಲಿ ತೊಳೆಯುವಂತೆ ಮೂರು ಸಲ ನಲ್ಲಿ ನೀರಲ್ಲಿ, ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ಅದ್ದುವುದು.

ಹಸಿ ತೂಕ ಬರೆದುಕೊಂಡು 65 ಡಿಗ್ರಿ ಓವನ್ನಿನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸುತ್ತೇನೆ. ಪುಡಿ ಮಾಡಲು ಅಗೇಟ್ ಕಲ್ಲಿನ ಖಲ್ವ. ಮಿಕ್ಸಿಗೆ ಹಾಕಿದರೆ ಬ್ಲೇಡಿನ ಕ್ರೋಮಿಯಂ, ನಿಕ್ಕಲ್ ಪುಡಿಗೆ ಸೇರುತ್ತವೆ, ಆಮೇಲೆ ಎಲೆಕ್ಟ್ರೋಪ್ಲೇಟಿಂಗ್ (ಲೋಹ ಲೇಪಿಸುವ) ಘಟಕದವರನ್ನು ಬೈದು ಪ್ರಯೋಜನವಿಲ್ಲ. ಅರ್ಧ ಗ್ರಾಂ ಪುಡಿಗೆ 8 ಮಿಲೀ ನೈಟ್ರಿಕ್ ಆಮ್ಲ, 2 ಮಿಲೀ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಮುಚ್ಚಿದ ಪಾತ್ರೆಯಲ್ಲಿ ಮೈಕ್ರೋವೇವ್ ಯಂತ್ರದಲ್ಲಿ ಕರಗಿಸಿ, ನೀರು ಸೇರಿಸಿ 50 ಮಿಲೀಗೆ ಏರಿಸುವುದು. ಪ್ರತಿ ಬ್ಯಾಚಿನಲ್ಲೂ ಸೊಪ್ಪಿಲ್ಲದ ಬರೀ ಆಮ್ಲ ಒಂದು (ಆಮ್ಲದಿಂದಲೇ ಬಂದ ಲೋಹ ತಿಳಿಯಲು), ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 1570ಎ ಪಾಲಕ್ ಪುಡಿ (ಲೋಹದ ಪ್ರಮಾಣ ಮೊದಲೇ ಖಚಿತಪಡಿಸಿದ ಮಾದರಿ) ಒಂದು. ಅದರಲ್ಲಿ ಕ್ಯಾಡ್ಮಿಯಂ ಕಿಲೋಗೆ ಸುಮಾರು 2.9 ಮಿಗ್ರಾಂ ಬರಬೇಕು; ಬರದಿದ್ದರೆ ಆ ದಿನದ ಫಲಿತಾಂಶ ಯಾವುದನ್ನೂ ನಂಬುವುದಿಲ್ಲ.

ಯಂತ್ರದ ಆಯ್ಕೆಯಲ್ಲಿ ಜಿಪುಣತನ ಬೇಡ. ಒಣ ಪುಡಿಯಲ್ಲಿ ಸೀಸ ಕಿಲೋಗೆ 1 ಮಿಗ್ರಾಂ ಇದ್ದರೆ ಈ ದ್ರಾವಣದಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ. ದ್ರಾವಣವನ್ನು ಜ್ವಾಲೆಗೆ ಸಿಂಪಡಿಸಿ, ಬೆಳಕು ಎಷ್ಟು ಹೀರಿತೆಂದು ನೋಡಿ ಲೋಹ ಅಳೆಯುವ ಎಎಎಸ್‌ಗೆ ಅದು ಸರಿಯಾಗಿ ಕಾಣುವುದಿಲ್ಲ. ಇನ್ನೂ ಸೂಕ್ಷ್ಮವಾದ ಗ್ರಾಫೈಟ್ ಫರ್ನೇಸ್ (ಜ್ವಾಲೆಯ ಬದಲು ಕಾಯಿಸಿದ ಗ್ರಾಫೈಟ್ ಕೊಳವೆ ಬಳಸುವ ಎಎಎಸ್) ಅಥವಾ ಐಸಿಪಿ-ಎಂಎಸ್ (ಲೋಹದ ಅಯಾನುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಬೇಕು.

ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿ: ಲ್ಯಾಬ್ ವರದಿ ಒಣ ತೂಕದ್ದು, ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನಕ) ಮಿತಿ ಹಸಿ ತೂಕದ್ದು. ಸೊಪ್ಪಿಗೆ ಸೀಸ ಕಿಲೋಗೆ 0.3, ಕ್ಯಾಡ್ಮಿಯಂ 0.2 ಮಿಗ್ರಾಂ. ಶೇ 90 ನೀರಿರುವ ಪಾಲಕ್‌ನಲ್ಲಿ ಒಣ ತೂಕದ 2 ಎಂದರೆ ಹಸಿಯಲ್ಲಿ 0.2 ಅಷ್ಟೇ. 'ಮಿತಿಗಿಂತ ಹತ್ತು ಪಟ್ಟು' ಎಂಬ ಸುದ್ದಿ ಕಂಡಾಗ ನಾನು ಮೊದಲು ನೋಡುವುದು ಇದನ್ನೇ.

ತೊಳೆದ ಮೇಲೂ ಮಣ್ಣು ಉಳಿದಿದೆಯೇ ಎಂದು ತಿಳಿಯಲು ಟೈಟಾನಿಯಂ ಅಳೆಯುತ್ತೇನೆ. ಗಿಡ ಅದನ್ನು ಹೀರುವುದು ತೀರಾ ಕಡಿಮೆ. ಟೈಟಾನಿಯಂ ಕಿಲೋಗೆ ಮಣ್ಣಿನಲ್ಲಿ 5000, ಒಣ ಎಲೆಯಲ್ಲಿ 20 ಮಿಗ್ರಾಂ ಸಿಕ್ಕರೆ ಎಲೆಪುಡಿಯ ಶೇ 0.4 ಮಣ್ಣೇ. ಮಣ್ಣಿನ ಸೀಸ ಕಿಲೋಗೆ 100 ಮಿಗ್ರಾಂ ಇದ್ದರೆ ಎಲೆಯ ಲೆಕ್ಕಕ್ಕೆ ಕಿಲೋಗೆ 0.4 ಮಿಗ್ರಾಂ ಅಲ್ಲಿಂದಲೇ ಬಂತು. ನೈಟ್ರಿಕ್ ಆಮ್ಲ ಟೈಟಾನಿಯಂ ಖನಿಜವನ್ನು ಪೂರ್ತಿ ಕರಗಿಸದು. ಆದ್ದರಿಂದ ಮಣ್ಣಿಗೂ ಎಲೆಗೂ ಒಂದೇ ವಿಧಾನ ಬಳಸಬೇಕು.

ಲೋಹ ಮೇಲಿದ್ದರೆ ಸೊಪ್ಪಿನ ಮೇಲೆ ನೀರು ಎರಚುವುದನ್ನು ಬಿಟ್ಟು ಸಾಲಿನಲ್ಲಿ ಹಾಯಿಸಿ, ಬುಡಕ್ಕೆ ಹುಲ್ಲು ಹೊದಿಸಿದರೆ ಮಳೆಗೆ ಮಣ್ಣು ಸಿಡಿಯುವುದು ತಗ್ಗುತ್ತದೆ. ಕ್ಯಾಡ್ಮಿಯಂ ಒಳಗಿದ್ದರೆ ತೊಳೆದು ಫಲವಿಲ್ಲ. ಮಣ್ಣಿನ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಸುಣ್ಣ ಹಾಕಿ ಮತ್ತೆ ಅಳೆಯುತ್ತೇನೆ. ಅದಕ್ಕೂ ಇಳಿಯದಿದ್ದರೆ ಆ ಮಡಿಯಲ್ಲಿ ಸೊಪ್ಪು ನಿಲ್ಲಿಸಿ ಹುರುಳಿಕಾಯಿ, ಅಲಸಂದೆ ಹಾಕಿಸುತ್ತೇನೆ. ಇವುಗಳ ಕಾಯಿಗೆ ಕ್ಯಾಡ್ಮಿಯಂ ಏರುವುದು ಬಹಳ ಕಡಿಮೆ.