ಪದ್ಮಿನಿ ಕಾರಿನ ಬ್ರೇಕ್ ಎಡಕ್ಕೆ ಎಳೆಯುತ್ತಿತ್ತು, ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಮುಂಚೆ ಸರಿ ಮಾಡಿದ್ದು ಹೀಗೆ
ಹುಬ್ಬಳ್ಳಿಯಲ್ಲಿರುವ ನಮ್ಮ ಪ್ರೀಮಿಯರ್ ಪದ್ಮಿನಿಯ ಆರ್‌ಸಿ (ನೋಂದಣಿ ಪತ್ರ) ಅವಧಿ ಮುಗಿಯುವುದರಲ್ಲಿತ್ತು. 15 ವರ್ಷ ದಾಟಿದ ಕಾರಿಗೆ ಪ್ರತಿ 5 ವರ್ಷಕ್ಕೊಮ್ಮೆ ಫಾರ್ಮ್ 25 (ಆರ್‌ಸಿ ನವೀಕರಣದ ಅರ್ಜಿ) ಕೊಟ್ಟು ಆರ್‌ಟಿಒಗೆ ಗಾಡಿ ತೋರಿಸಲೇಬೇಕು, ಅಲ್ವಾ? ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಸುಮ್ನೆ ಅಡ್ಜಸ್ಟ್ ಮಾಡಿದರೆ ಸಾಕು ಅಂದರು ಗ್ಯಾರೇಜಿನವರು. ನನಗೆ ಸಮಾಧಾನ ಆಗಲಿಲ್ಲ, ಮುಂದಿನ ಎರಡೂ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿದೆ. ಬಲಗಡೆ ವೀಲ್ ಸಿಲಿಂಡರಿನ (ಆಯಿಲ್ ಒತ್ತಡದಿಂದ ಬ್ರೇಕ್ ತಳ್ಳುವ ಭಾಗ) ರಬ್ಬರ್ ಹೋಗಿ, ಬ್ರೇಕ್ ಆಯಿಲ್ ಸೋರಿ, ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ಹಿಡಿಯುವ ಪಟ್ಟಿ) ನೆನೆದು ಆ ಚಕ್ರ ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ, ಅದಕ್ಕೇ ಗಾಡಿ ಎಡಕ್ಕೆ ಹೋಗುತ್ತಿತ್ತು. ನೆನೆದ ಲೈನರ್ ಒರೆಸಿ ಮತ್ತೆ ಹಾಕಬೇಡಿ. ಎರಡೂ ಚಕ್ರಕ್ಕೆ ಹೊಸ ಲೈನರ್, ರಬ್ಬರ್ ಕಿಟ್ ಹಾಕಿಸಿ, ಹಳೆ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ, ಬ್ರೇಕ್ ಪೈಪಿನೊಳಗಿನ ಗಾಳಿ ಹೊರಬಿಡಿಸಿದೆವು. ಈಗ ನೇರ ನಿಲ್ಲುತ್ತದೆ. ಹೆಡ್‌ಲೈಟ್ ಕೂಡ ಮಂಕಾಗಿತ್ತು, ಅದಕ್ಕೆ ಅರ್ಥಿಂಗ್ ವೈರಿನ ತುದಿಯ ತುಕ್ಕು ಕಾರಣ, ತಿಕ್ಕಿದರೆ ಸಾಕಾಯಿತು. ತಪಾಸಣೆ ಪಾಸಾಯಿತು.