ಮೊದಲು ಸಿಕ್ಕಿದ್ದು ಲದ್ದಿ

ಕಂಬರ್‌ಲ್ಯಾಂಡ್ ದ್ವೀಪಕ್ಕೆ ಸೇತುವೆ ಇಲ್ಲ. ಇದು ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯ ದಕ್ಷಿಣ ತುದಿಯಲ್ಲಿದೆ. ಅಲ್ಲಿ ಯಾರ ಹಂಗೂ ಇಲ್ಲದೆ ಅಲೆಯುವ ಕುದುರೆಗಳನ್ನು ನೋಡೋದು ನಮ್ಮ ಆಸೆ. ಸೇಂಟ್ ಮೇರೀಸ್ ಅನ್ನೋ ಸಣ್ಣ ಊರಿನಿಂದ ಬೋಟು ಹತ್ತಬೇಕು. ದಿನಕ್ಕೆ 300 ಜನಕ್ಕಷ್ಟೇ ಅವಕಾಶ. ಮೊದಲ ಸಲ ಇದು ಗೊತ್ತಿಲ್ಲದೆ, ಅಲ್ಲೇ ಟಿಕೆಟ್ ತಗೊಂಡರಾಯ್ತು ಅಂತ ಹೋಗಿ, ದಡದಲ್ಲಿ ನಿಂತು ಬೋಟು ಹೊರಡೋದನ್ನು ನೋಡಿ ವಾಪಸ್ ಬಂದಿದ್ದೆವು. ಈ ಸಲ ಎರಡು ತಿಂಗಳು ಮುಂಚೆಯೇ ಬುಕ್ ಮಾಡಿದೆ. ನಾನು, ನಮ್ಮವರು, ಒಂಬತ್ತು ವರ್ಷದ ಮಗ.

ಬೆಳಗಿನ ಬೋಟನ್ನೇ ಹಿಡಿಯಿರಿ. ದಾರಿ ಮುಕ್ಕಾಲು ಗಂಟೆ. ಸೇಂಟ್ ಮೇರೀಸ್ ನದಿಯಲ್ಲಿ ಕೆಳಗೆ ಸಾಗುವಾಗ ಬಲಗಡೆಯ ದಡ ಫ್ಲಾರಿಡಾ, ಎಡಗಡೆಯದು ಜಾರ್ಜಿಯಾ. ಮೇಲಿನ ಅಂತಸ್ತಿನಲ್ಲಿ ಕೂತರೆ ನೋಟ ಚೆನ್ನಾಗಿರುತ್ತದೆ, ಆದರೆ ಗಾಳಿ ಟೋಪಿ ಉಳಿಸುವುದಿಲ್ಲ. ನಮ್ಮವರ ಟೋಪಿ ಈಗ ಯಾವ ರಾಜ್ಯದಲ್ಲಿದೆಯೋ ಗೊತ್ತಿಲ್ಲ.

ದ್ವೀಪದಲ್ಲಿ ಅಂಗಡಿ ಇಲ್ಲ, ಹೋಗಿಬರುವವರಿಗೆ ಕಾರೂ ಇಲ್ಲ. ತಿನ್ನೋದನ್ನು ಹೊತ್ತುಕೊಂಡೇ ಹೋಗಬೇಕು, ಕಸವನ್ನು ಹೊತ್ತುಕೊಂಡೇ ಬರಬೇಕು. ಚಪಾತಿ ಸುರುಳಿ, ಬಾಳೆಹಣ್ಣು, ತಲಾ ಎರಡು ಬಾಟಲಿ ನೀರು ಇಟ್ಟುಕೊಂಡಿದ್ದೆ. ಬಾಳೆಹಣ್ಣಿನ ಸಿಪ್ಪೆಯನ್ನು ಇಡೀ ದಿನ ಬ್ಯಾಗಿನಲ್ಲಿ ಹೊತ್ತು ತಿರುಗೋದು ಎಂಥ ಅನುಭವ ಅಂತ ಕೇಳಬೇಡಿ. ಕಿತ್ತಳೆಯದಾದರೂ ಘಮ ಅನ್ನುತ್ತಿತ್ತು.

ಬೋಟು ಎರಡು ಕಡೆ ನಿಲ್ಲುತ್ತದೆ, ಮೊದಲು ಡಂಜೆನೆಸ್, ಆಮೇಲೆ ಸೀ ಕ್ಯಾಂಪ್. ನಾವು ಡಂಜೆನೆಸ್‌ನಲ್ಲಿ ಇಳಿದು, ಪಾಳುಬಂಗಲೆ ನೋಡಿ, ಸಮುದ್ರದ ದಡದಲ್ಲಿ ಉತ್ತರಕ್ಕೆ ನಡೆದು, ಸೀ ಕ್ಯಾಂಪ್‌ನಲ್ಲಿ ವಾಪಸ್ ಬೋಟು ಹತ್ತೋದು ಅಂತ ಲೆಕ್ಕ ಹಾಕಿದ್ದೆವು. ಒಟ್ಟು ಆರೇಳು ಕಿಲೋಮೀಟರ್ ಆಗಬಹುದು. ಈ ಸುತ್ತಿನಲ್ಲಿ ಕಾಡು, ಜವುಗು, ಮರಳು ಮೂರೂ ಸಿಗುತ್ತವೆ.

ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ. ಮಗ ಕೂಗಿದ: "ಅಮ್ಮಾ, ಲದ್ದಿ!" ಕುದುರೆಗಿಂತ ಮೊದಲು ಸಿಕ್ಕಿದ್ದು ಅದೇ. ಇನ್ನೂ ಹಸಿಯಾಗಿತ್ತು. ಅಲ್ಲಿಂದ ಅವನೇ ನಮ್ಮ ಗೈಡ್. ಲದ್ದಿಯ ಜಾಡು ಹಿಡಿದುಕೊಂಡೇ ಪಾಳುಬಂಗಲೆಯ ಮುಂದಿನ ಹುಲ್ಲುಗಾವಲಿಗೆ ಕರೆದೊಯ್ದ. ನಿಜವಾಗಿಯೂ ನಾಲ್ಕು ಕುದುರೆ ನಿಂತಿದ್ದವು.

ಈ ಬಂಗಲೆಯನ್ನು 1880ರ ದಶಕದಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ತಮ್ಮ ಥಾಮಸ್ ಕಟ್ಟಿಸಲು ಶುರುಮಾಡಿದ್ದು. 1959ರಲ್ಲಿ ಸುಟ್ಟುಹೋಯಿತು. ಈಗ ಗೋಡೆ, ಹೊಗೆಗೂಡು ಅಷ್ಟೇ. ಕೋಟ್ಯಧೀಶರ ಅಂಗಳದಲ್ಲಿ ಕುದುರೆಗಳು ಯಾರಪ್ಪಣೆಯೂ ಇಲ್ಲದೆ ಮೇಯುತ್ತವೆ.

ಒಂದು ಕುದುರೆಯನ್ನು ಸರಿಯಾಗಿ ನೋಡಿದೆ. ಕಂದು ಬಣ್ಣ, ಗಿಡ್ಡ ಮೈ. ಪಕ್ಕೆಲುಬು ಎಣಿಸುವ ಹಾಗಿತ್ತು. ಮೊಣಕಾಲಿನ ತನಕ ಜವುಗಿನ ಕಪ್ಪು ಕೆಸರು ಒಣಗಿ ಬಿರುಕುಬಿಟ್ಟಿತ್ತು, ಕಾಲುಚೀಲ ಹಾಕಿಕೊಂಡಂತೆ. ಬಾಲದಲ್ಲಿ ಮುಳ್ಳುಕಡ್ಡಿಯೊಂದು ಸಿಕ್ಕಿಕೊಂಡು, ಬಾಲ ಬೀಸಿದಾಗಲೆಲ್ಲ ಅದೂ ತೊಡೆಗೆ ಬಡಿಯುತ್ತಿತ್ತು. ಹುಲ್ಲು ಕೀಳುವ ಸದ್ದು ನಮ್ಮ ತನಕ ಕೇಳಿಸುತ್ತಿತ್ತು. ಕಡೇಪಕ್ಷ 50 ಅಡಿ ದೂರ ಇರಬೇಕು ಅನ್ನೋದು ಅಲ್ಲಿನ ನಿಯಮ. ಒಬ್ಬ ಪುಣ್ಯಾತ್ಮ ಸೆಲ್ಫಿಗೆ ಅಂತ ಹತ್ತಿರ ಹೋದ. ಕುದುರೆ ಕಿವಿ ಹಿಂದಕ್ಕೆ ಮಡಚಿತು. ಅವನಿಗೆ ಅರ್ಥವಾಯಿತು, ದೇವರ ದಯೆ.

ಸ್ಪೇನಿನವರು ಬಿಟ್ಟುಹೋದ ಕುದುರೆಗಳ ಮಕ್ಕಳು ಇವು ಅಂತ ಒಂದು ಕಥೆ ಇದೆ. ಕೇಳಲು ಚೆಂದ. ಆದರೆ ಈಗ ಇರುವವು ಬಹುಪಾಲು ಆಮೇಲಿನ ಕಾಲದಲ್ಲಿ ದ್ವೀಪದ ಮಾಲೀಕರು ಸಾಕಲು ತಂದವುಗಳ ಸಂತತಿ. ಸಾಕಿದವರು ಹೋದರು, ಇವು ಉಳಿದವು. ಸುಮಾರು 150 ಇವೆ. 1972ರಿಂದ ದ್ವೀಪದ ಹೆಚ್ಚಿನ ಭಾಗ ನ್ಯಾಷನಲ್ ಪಾರ್ಕ್ ಇಲಾಖೆಯ ಕೈಯಲ್ಲಿದೆ. ಆದರೂ ಈ ಕುದುರೆಗಳಿಗೆ ಮೇವು ಹಾಕುವವರಿಲ್ಲ, ಕಾಯಿಲೆ ಬಿದ್ದರೆ ಡಾಕ್ಟರ್ ಇಲ್ಲ. ಮರಳುದಿಬ್ಬಗಳನ್ನು ಹಿಡಿದಿಡುವ ಹುಲ್ಲನ್ನೇ ಇವು ಮೇಯುತ್ತವೆ, ಅದರಿಂದ ದ್ವೀಪಕ್ಕೂ ಪೆಟ್ಟು. ಫೋಟೋದಲ್ಲಿ ನೋಡಿದಾಗ ಸ್ವಾತಂತ್ರ್ಯ ಅಂದರೆ ಇದು ಅನ್ನಿಸಿತ್ತು. ಆ ಪಕ್ಕೆಲುಬು ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ.

ಕಾಡಿನ ದಾರಿ ಮಾತ್ರ ಬೇರೆಯೇ ಲೋಕ. ಲೈವ್ ಓಕ್ ಮರಗಳ ಕೊಂಬೆಗಳು ನೆಲದ ತನಕ ಬಾಗಿವೆ. ಅವುಗಳಿಂದ ಸ್ಪ್ಯಾನಿಷ್ ಮಾಸ್ ಅನ್ನೋ ಬೂದುಬಣ್ಣದ ಸಸ್ಯ ಸನ್ಯಾಸಿಯ ಜಡೆಯಂತೆ ಜೋತುಬಿದ್ದಿರುತ್ತದೆ. ಕೆಳಗೆ ಒಣಎಲೆ ಕೆದಕುತ್ತ ಆರ್ಮಡಿಲೊ ಅನ್ನೋ ಚಿಪ್ಪುಮೈಯ ಸಣ್ಣ ಪ್ರಾಣಿಯೊಂದು ಬಂತು. ನಮ್ಮನ್ನು ಕ್ಯಾರೇ ಅನ್ನಲಿಲ್ಲ.

ಮರಳು ದಾಟಿ ದಡಕ್ಕೆ ಬಂದಾಗ ಮೂರು ಗಂಟೆ. ಕಣ್ಣು ಹಾಯುವಷ್ಟು ದೂರ ಒಂದು ಕಟ್ಟಡ ಇಲ್ಲ. ನೀರು ಇಳಿದಿತ್ತು, ಒದ್ದೆ ಮರಳು ಗಟ್ಟಿಯಾಗಿ ನಡೆಯಲು ಹಿತವಾಗಿತ್ತು. ಅಲೆಯ ಅಂಚಿನಲ್ಲೇ ಇನ್ನೂ ಐದು ಕುದುರೆ, ಗಾಳಿಗೆ ಬೆನ್ನು ಕೊಟ್ಟು ಸುಮ್ನೆ ನಿಂತಿದ್ದವು. ನಾವೂ ಕೂತುಬಿಟ್ಟೆವು. ತಪ್ಪಾಗಿದ್ದು ಅಲ್ಲೇ.

ಕೊನೆಯ ಬೋಟು 4.45ಕ್ಕೆ. ಅದು ಯಾರಿಗೂ ಕಾಯುವುದಿಲ್ಲ. ತಪ್ಪಿದರೆ ಕೈಯಿಂದ ದುಡ್ಡು ಕೊಟ್ಟು ಖಾಸಗಿ ಬೋಟು ಕರೆಸಬೇಕು. ಎದ್ದು ಹೊರಟರೆ ಎಲ್ಲ ದಿಬ್ಬಗಳೂ ಒಂದೇ ಥರ ಕಾಣುತ್ತಿವೆ. ದಿಬ್ಬ ಹತ್ತಿ ಅಡ್ಡ ಹಾಯುವಂತಿಲ್ಲ, ಗೊತ್ತುಮಾಡಿದ ದಾರಿಯಲ್ಲೇ ದಾಟಬೇಕು. ಸೀ ಕ್ಯಾಂಪಿನ ದಾರಿ ಬಿಟ್ಟು ಮುಂದೆ ಹೋಗಿದ್ದೆವು. ಎದುರಿಗೆ ಬಂದ ಅಜ್ಜ ಒಬ್ಬರು, "ನೀವು ಅದನ್ನು ಆಗಲೇ ದಾಟಿ ಬಂದಿರಿ" ಅಂತ ಹಿಂದಕ್ಕೆ ಕೈ ತೋರಿಸಿದರು. ಅಲ್ಲಿಂದ ಓಟ. ದಡದಿಂದ ಬೋಟಿನ ಕಟ್ಟೆಗೆ ಕಿಲೋಮೀಟರಿನ ಹತ್ತಿರ ಇದೆ. ಹೋಗಿ ಮುಟ್ಟಿದಾಗ ಜನ ಆಗಲೇ ಹತ್ತುತ್ತಿದ್ದರು. ಸಮುದ್ರದ ದಡಕ್ಕೆ ಬಂದ ತಕ್ಷಣ ಹಿಂದಕ್ಕೆ ತಿರುಗಿ, ನೀವು ದಾಟಿಬಂದ ಜಾಗದ ಗುರುತಿನ ಫೋಟೋ ತೆಗೆದುಕೊಳ್ಳಿ. ಮುಂದೆ ಯಾವ ದಾರಿಯಲ್ಲಿ ವಾಪಸ್ ಹೋಗಬೇಕೋ ಅದರ ಗುರುತು ಹೇಗಿರುತ್ತದೆ ಅಂತ ರೇಂಜರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಮನೆಗೆ ಬಂದಮೇಲೆ ನನ್ನ ಕಾಲುಚೀಲದ ಅಂಚಿನಲ್ಲಿ ಒಂದು ಉಣುಗು ಸಿಕ್ಕಿತು. ಉದ್ದ ಪ್ಯಾಂಟು ಹಾಕಿ, ಅದನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ. ನೋಡೋಕೆ ಚೆನ್ನಾಗಿರಲ್ಲ, ಪರವಾಗಿಲ್ಲ.

ಬೋಟಿನಲ್ಲಿ ದಾರಿಯುದ್ದಕ್ಕೂ ಜಗಳ. ಒಂಬತ್ತು ಕುದುರೆ ಅಂತ ನಮ್ಮವರು, ಎಂಟೇ ಅಂತ ಮಗ. ದಡದಲ್ಲಿ ನಿಂತಿದ್ದ ಐದರಲ್ಲಿ ಒಂದರ ಬಾಲದಲ್ಲೂ ಮುಳ್ಳುಕಡ್ಡಿ ಇತ್ತಂತೆ.