ಹೊಲಿಗೆಯವರೇ ಸೇರಿ ಸಹಕಾರ ಸಂಘ ಕಟ್ಟಿದೆವು

ನಾವೆಲ್ಲ ಹೊಲಿಗೆ ಕೆಲಸದವರು. ದಾರ, ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆ ಎಲ್ಲವನ್ನೂ ಒಬ್ಬೊಬ್ಬರೇ ಚಿಲ್ಲರೆಯಲ್ಲಿ ಕೊಳ್ಳುತ್ತಿದ್ದೆವು. ಅದೂ ಹೆಚ್ಚಾಗಿ ಸಾಲಕ್ಕೆ. ಸಾಲಕ್ಕೆ ತಂದ ಮೇಲೆ ದರ ಚೌಕಾಸಿ ಮಾಡೋಕಾಗಲ್ಲ, ದಾರ ಪಟಪಟ ಹರಿದರೂ ಬಾಯಿ ಬಿಡೋಕಾಗಲ್ಲ. ಎಲ್ಲರೂ ಸೇರಿ ಸಗಟಿನಲ್ಲಿ ತರೋಣ ಅನ್ನೋ ಮಾತು ಹುಟ್ಟಿದ್ದು ಹೀಗೆ.

ಕೆಲಸಕ್ಕೆ ಇಳಿಯುವ ಮೊದಲು ಹಿಂದಿನವರು ಹೇಗೆ ಮಾಡಿದ್ದರು ಅಂತ ಓದಿಕೊಂಡೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರ ಡಿಸೆಂಬರ್‌ನಲ್ಲಿ ದುಡಿಯುವ ಜನರೇ ಒಂದು ಅಂಗಡಿ ತೆರೆದರು. ಮೊದಲಿಗರು 28 ಜನ, ಅವರಲ್ಲಿ ನೇಕಾರರೂ ಇದ್ದರು. ಕೂಲಿ ಕಡಿಮೆ, ಅಂಗಡಿಗಳಲ್ಲಿ ಕಲಬೆರಕೆ ಜಾಸ್ತಿ ಇದ್ದ ಕಾಲ ಅದು. ವಾರವಾರ ಎರಡು ಮೂರು ಪೆನ್ನಿ ಕೂಡಿಸಿ 28 ಪೌಂಡ್ ಬಂಡವಾಳ ಮಾಡಿಕೊಂಡರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್, ಮೇಣದಬತ್ತಿ ಇಟ್ಟು ವ್ಯಾಪಾರ ಶುರು ಮಾಡಿದರು. ಅದೇ ಊರಲ್ಲಿ 1833ರಲ್ಲಿ ತೆರೆದಿದ್ದ ಸಹಕಾರಿ ಅಂಗಡಿ ಉದ್ರಿ ಕೊಟ್ಟು ಕೊಟ್ಟು ಎರಡು ವರ್ಷಕ್ಕೆ ಮುಚ್ಚಿಹೋಗಿತ್ತು. ಹಾಗಾಗಿ ಇವರು ನಗದು ಕೊಟ್ಟವರಿಗೆ ಮಾತ್ರ ಸಾಮಾನು ಕೊಟ್ಟರು. ನಾವೂ ಉದ್ರಿ ಇಲ್ಲ ಅಂತ ಬೈಲಾದಲ್ಲೇ, ಅಂದರೆ ಸಂಘದ ನಿಯಮಗಳಲ್ಲೇ, ಬರೆದೆವು.

ಬೈಲಾ ಸಭೆಯಲ್ಲಿ ಜಾಸ್ತಿ ಚರ್ಚೆ ಆಗಿದ್ದು ಲಾಭ ಹಂಚುವ ಬಗ್ಗೆ, ಮತದ ಬಗ್ಗೆ. ಒಬ್ಬರು ಎದ್ದು, 'ನಾನು ಹತ್ತು ಷೇರು ತಗೋತೀನಿ. ಒಂದು ಷೇರಿನವರಿಗೂ ನನಗೂ ಒಂದೇ ಮತ ಅಂದ್ರೆ ಹೇಗೆ?' ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನು ಬೋರ್ಡಿನ ಮೇಲೆ ಇಬ್ಬರ ಲೆಕ್ಕ ಬರೆದೆ. ಒಬ್ಬರದು ಹತ್ತು ಷೇರು, ವರ್ಷವಿಡೀ ಒಂದು ದಾರದ ಉಂಡೆಯನ್ನೂ ಕೊಂಡಿಲ್ಲ. ಇನ್ನೊಬ್ಬರದು ಒಂದೇ ಷೇರು, ತಿಂಗಳು ತಿಂಗಳು ಎಲ್ಲ ಸಾಮಾನೂ ಇಲ್ಲೇ. ಲಾಭವೆಲ್ಲ ಷೇರಿನ ಮೇಲೆ ಹೋದರೆ ಮೊದಲನೆಯವರಿಗೆ ದರ ಏರಿದಷ್ಟೂ ಒಳ್ಳೆಯದು. ಅಂಥವರ ಕೈಗೇ ಹೆಚ್ಚು ಮತ ಕೊಟ್ಟರೆ ನಾವು ಬಿಟ್ಟು ಬಂದ ಅಂಗಡಿಗೂ ಇದಕ್ಕೂ ಏನು ವ್ಯತ್ಯಾಸ, ಅಲ್ವಾ?

ರಾಚ್‌ಡೇಲ್‌ನವರು ಬಂಡವಾಳಕ್ಕೆ ಇಷ್ಟೇ ಬಡ್ಡಿ ಅಂತ ಮಿತಿ ಹಾಕಿದ್ದರು. ಮಿಕ್ಕ ಲಾಭವನ್ನು ಯಾರು ಎಷ್ಟು ಕೊಂಡರೋ ಆ ಲೆಕ್ಕದಲ್ಲಿ ಹಂಚುತ್ತಿದ್ದರು. ಮತ ಮಾತ್ರ ತಲೆಗೊಂದೇ. ನಾವೂ ಹಾಗೇ ಮಾಡಿದೆವು. ಪ್ರತಿ ಸದಸ್ಯರಿಗೂ ಒಂದು ಪಾಸ್‌ಬುಕ್. ಕೊಂಡಿದ್ದೆಲ್ಲ ಅದರಲ್ಲಿ ಬರೆಸಬೇಕು. ವರ್ಷದ ಕೊನೆಗೆ ಲಾಭದಲ್ಲಿ ಒಂದು ಪಾಲನ್ನು ಕಷ್ಟಕಾಲಕ್ಕೆ ಅಂತ ಆಪದ್ಧನ ನಿಧಿಗೆ ತೆಗೆದಿಟ್ಟು, ಉಳಿದದ್ದನ್ನು ಆ ಬರಹದ ಪ್ರಕಾರ ವಾಪಸ್ ಕೊಡುತ್ತೇವೆ. ಯಾವುದಾದರೂ ಸಾಮಾನಿಗೆ ತುಸು ಜಾಸ್ತಿ ದರ ಹಾಕಿದ್ದರೂ ಕೊಂಡವರ ದುಡ್ಡು ಕೊಂಡವರಿಗೇ ಬರುತ್ತದೆ. ಇದರಿಂದ ಜನ ದಾರದ ಗುಣ ನೋಡಿ ಮಾತಾಡೋಕೆ ಶುರು ಮಾಡಿದರು. ಸಭೆಗೆ ಬರುವಾಗ ಹರಿದ ದಾರದ ತುಂಡು ತಂದು ತೋರಿಸುವವರೂ ಇದ್ದಾರೆ. ನನಗೆ ಅದು ತುಂಬಾ ಖುಷಿ ಕೊಡುವ ವಿಷಯ.

ಸಂಘದ ನೋಂದಣಿ, ಬ್ಯಾಂಕ್ ಖಾತೆ, ಲೆಕ್ಕಪರಿಶೋಧನೆ ಎಲ್ಲ ಓಡಾಟದ ಕೆಲಸ, ತಾಳ್ಮೆಯಿದ್ದರೆ ಆಗುತ್ತದೆ. ಜನರಿಗೆ ಲೆಕ್ಕ ಓದಲು ಕಲಿಸುವುದೇ ದೊಡ್ಡ ಕೆಲಸ. ರಾಚ್‌ಡೇಲ್‌ನವರು ಮುಂದೆ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ಓದಿಗೇ ತೆಗೆದಿಟ್ಟರು. ನಮ್ಮಲ್ಲಿ ಹೊಸ ಸದಸ್ಯರು ಬಂದರೆ ಹಳಬರು ಪಕ್ಕದಲ್ಲಿ ಕೂತು ಜಮಾ-ಖರ್ಚು ಓದಿಸುತ್ತಾರೆ. ಅರ್ಥವಾಗದ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಮಹಾಸಭೆಯಲ್ಲಿ ಕೇಳಿ ಅಂತ ಹೇಳುತ್ತೇವೆ. ಉತ್ತರ ಕೊಡಬೇಕಾದ್ದು ಕಾರ್ಯದರ್ಶಿಯ ಕೆಲಸ.